ದವಡೆಯ ಶಸ್ತ್ರಚಿಕಿತ್ಸೆ: ಗಾಯ ಸಣ್ಣದು, ದಾರಿ ಉದ್ದ

ಮುಂದಕ್ಕೆ ಚಾಚಿಕೊಂಡು ಎಡಕ್ಕೆ ವಾಲಿದ್ದ ನನ್ನ ಕೆಳದವಡೆಯನ್ನು ಕಳೆದ ಬೇಸಿಗೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಲಾಯಿತು. ಎರಡೂ ಕಡೆ ದವಡೆಯ ಮೂಲೆಯ ಕೆಳಗೆ ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ ಗಾಯ ಮಾಡಿ, ಅದರೊಳಗೆ ಎಂಡೊಸ್ಕೋಪ್ ಎಂಬ ತೆಳ್ಳನೆಯ ನೋಡುಕೊಳವೆ ಇಳಿಸಿ, ಪರದೆಯ ಮೇಲೆ ನೋಡುತ್ತ ಮೂಳೆಯನ್ನು ಕತ್ತರಿಸಿ ಕೂರಿಸಿದರು. ಈ ವಿಧಾನದ ಬಗ್ಗೆ ಕನ್ನಡದಲ್ಲಿ ಓದಲು ನನಗೆ ಏನೂ ಸಿಕ್ಕಿರಲಿಲ್ಲ. ಇಂಗ್ಲಿಷಿನಲ್ಲಿ ಸಿಕ್ಕಿದ್ದು ಒಂದೋ ವೈದ್ಯರಿಗಾಗಿ ಬರೆದದ್ದು, ಇಲ್ಲವೇ ಜಾಹೀರಾತು. ಹಾವೇರಿಯಂಥ ಊರಿನಿಂದ ಬೆಂಗಳೂರಿಗೆ ಓಡಾಡಿ ಇದನ್ನು ಮಾಡಿಸಿಕೊಳ್ಳುವವರಿಗೆ ಎದುರಾಗುವುದೇನು ಎಂದು ಹೇಳುವವರೇ ಇರಲಿಲ್ಲ. ಅದಕ್ಕಾಗಿ ಎಲ್ಲವೂ ನೆನಪಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಹೈಸ್ಕೂಲು ಮುಗಿಯುವವರೆಗೆ ನನ್ನ ಮುಖ ಎಲ್ಲರಂತೆಯೇ ಇತ್ತು. ಪದವಿಯ ಹೊತ್ತಿಗೆ ಗದ್ದ ನಿಧಾನವಾಗಿ ಎಡಕ್ಕೆ ಸರಿಯತೊಡಗಿತು. ಕೆಳಗಿನ ಹಲ್ಲುಗಳು ಮೇಲಿನ ಹಲ್ಲುಗಳನ್ನು ದಾಟಿ ಮುಂದೆ ಬಂದವು. ಬಾಚಿಹಲ್ಲುಗಳು ಒಂದಕ್ಕೊಂದು ಕೂಡದೆ ಹೋದ್ದರಿಂದ ರೊಟ್ಟಿಯನ್ನಾಗಲಿ ಮಾವಿನಹಣ್ಣನ್ನಾಗಲಿ ಕಚ್ಚಿ ತಿನ್ನಲು ಆಗುತ್ತಿರಲಿಲ್ಲ. ಎಲ್ಲವನ್ನೂ ಕೈಯಲ್ಲಿ ಮುರಿದು ಬಲಗಡೆಯ ದವಡೆಹಲ್ಲುಗಳಿಗೆ ಒಪ್ಪಿಸಬೇಕಿತ್ತು. ನಾನು ಖಾಸಗಿ ಪಿಯು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ದಿನವಿಡೀ ಮಾತಾಡುವ ಕೆಲಸ. 'ವ' ಎನ್ನುವಾಗ ಕೆಳತುಟಿ ಮೇಲಿನ ಹಲ್ಲನ್ನು ಮುಟ್ಟಬೇಕು. ನನಗೆ ಮೇಲ್ತುಟಿ ಕೆಳಗಿನ ಹಲ್ಲನ್ನು ಮುಟ್ಟುತ್ತಿತ್ತು. 'ಸ' ಮತ್ತು 'ಶ' ಗಾಳಿಯಾಗಿ ಹೋಗುತ್ತಿದ್ದವು. ಸಂಜೆಯಾದರೆ ಕಿವಿಯ ಮುಂದಿನ ಕೀಲು ನೋಯುತ್ತಿತ್ತು. ಇದಿಷ್ಟನ್ನೂ ಮೊದಲೇ ಹೇಳಲು ಕಾರಣವಿದೆ. ಮುಂದೆ ವಿಮಾ ಕಂಪನಿಯೊಂದಿಗೆ ನಡೆದ ತಕರಾರೆಲ್ಲ ನಿಂತದ್ದು ಇವು 'ಅಂದದ' ತೊಂದರೆಗಳೋ 'ಕೆಲಸದ' ತೊಂದರೆಗಳೋ ಎಂಬ ಒಂದೇ ಪ್ರಶ್ನೆಯ ಮೇಲೆ.

ಊರಿನ ದಂತವೈದ್ಯರು ನೋಡಿದ ಕೂಡಲೇ, ಇದು ಹಲ್ಲಿನ ತೊಂದರೆಯಲ್ಲ, ಮೂಳೆಯದು, ಬರೀ ಕ್ಲಿಪ್ ಹಾಕಿದರೆ ಸರಿಹೋಗುವುದಿಲ್ಲ ಎಂದು ಹೇಳಿ ಬೆಂಗಳೂರಿನ ದಂತ ಕಾಲೇಜೊಂದಕ್ಕೆ ಚೀಟಿ ಬರೆದುಕೊಟ್ಟರು. ಅವರ ಆ ನೇರ ಮಾತಿಗೆ ನಾನು ಋಣಿ. ಅಲ್ಲಿ ಹಲ್ಲು ಸರಿಪಡಿಸುವ ತಜ್ಞರು ಮತ್ತು ಬಾಯಿ, ದವಡೆ, ಮುಖದ ಶಸ್ತ್ರಚಿಕಿತ್ಸಕರು ಇಬ್ಬರೂ ಒಟ್ಟಿಗೆ ಕುಳಿತು ನೋಡಿದರು. ಇದು ಮುಖ್ಯ. ಇಬ್ಬರೂ ಒಂದೇ ಯೋಜನೆಗೆ ಒಪ್ಪಿ ಬರೆದುಕೊಡದಿದ್ದರೆ ಚಿಕಿತ್ಸೆ ಆರಂಭಿಸಲೇಬೇಡಿ.

ಮೊದಲ ಪ್ರಶ್ನೆ, ದವಡೆ ಇನ್ನೂ ಬೆಳೆಯುತ್ತಿದೆಯೇ ಎಂಬುದು. ನನ್ನ ಬಲಗಡೆಯ ಕೀಲಿನ ತಲೆ ಎಡಗಡೆಯದಕ್ಕಿಂತ ದೊಡ್ಡದಾಗಿತ್ತು. ಅದು ಬೆಳೆದು ಬೆಳೆದು ಇಡೀ ದವಡೆಯನ್ನು ಎಡಕ್ಕೆ ತಳ್ಳಿತ್ತು. ಬೆಳವಣಿಗೆ ನಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರೆ ಮತ್ತೆ ವಾಲುವ ಸಾಧ್ಯತೆ ಇರುತ್ತದೆ. ಅದನ್ನು ತಿಳಿಯಲು ಟೆಕ್ನೀಷಿಯಂ-99ಎಂ ಎಂಬ ವಿಕಿರಣ ವಸ್ತುವನ್ನು ರಕ್ತನಾಳಕ್ಕೆ ಚುಚ್ಚಿ ಮೂಳೆಯ ಸ್ಕ್ಯಾನ್ ಮಾಡುತ್ತಾರೆ. ಚುಚ್ಚುಮದ್ದು ಕೊಟ್ಟ ಬಳಿಕ ಎರಡು ಮೂರು ಗಂಟೆ ನೀರು ಕುಡಿಯುತ್ತ ಕಾಯಬೇಕು. ಆಮೇಲೆ ಎರಡೂ ಕೀಲುಗಳು ಆ ವಸ್ತುವನ್ನು ಎಷ್ಟೆಷ್ಟು ಹೀರಿಕೊಂಡಿವೆ ಎಂದು ಹೋಲಿಸುತ್ತಾರೆ. ಎರಡೂ ಸೇರಿದ ಒಟ್ಟಿನಲ್ಲಿ ಒಂದು ಕಡೆಯ ಪಾಲು 55 ಶೇಕಡಕ್ಕಿಂತ ಹೆಚ್ಚಾಗಿದ್ದರೆ ಅಲ್ಲಿ ಬೆಳವಣಿಗೆ ನಡೆಯುತ್ತಿದೆ ಎಂದು ಅನುಮಾನಿಸುತ್ತಾರೆ. ನನ್ನದು ಹೆಚ್ಚುಕಡಿಮೆ ಸಮನಾಗಿತ್ತು. ಅಂದು ಚಿಕ್ಕ ಮಕ್ಕಳನ್ನೂ ಗರ್ಭಿಣಿಯರನ್ನೂ ಹತ್ತಿರ ಸೇರಿಸಿಕೊಳ್ಳಬೇಡಿ ಎಂದು ಹೇಳಿ ಕಳಿಸಿದರು. ಬೆಂಗಳೂರಿನಲ್ಲಿ ನಾನು ಇಳಿದುಕೊಂಡಿದ್ದ ಅಕ್ಕನ ಮನೆಯಲ್ಲಿ ಎರಡು ವರ್ಷದ ಮಗುವಿತ್ತು. ಚಿಕ್ಕಮ್ಮ ಎಂದು ಓಡಿ ಬಂದ ಮಗುವಿಗೆ ಕೋಣೆಯ ಬಾಗಿಲು ಹಾಕಿಕೊಳ್ಳಬೇಕಾಯಿತು. ಅದು ಹೊರಗೆ ಅತ್ತದ್ದನ್ನು ಕೇಳುತ್ತ ಕುಳಿತೆ. ಸ್ಕ್ಯಾನಿನ ದಿನ ಎಲ್ಲಿ ತಂಗುತ್ತೀರಿ ಎಂಬುದನ್ನು ಮೊದಲೇ ಯೋಚಿಸಿಡಿ.

ಆಮೇಲೆ ಕ್ಲಿಪ್. ಶಸ್ತ್ರಚಿಕಿತ್ಸೆ ಎಂದರೆ ಮುಂದಿನ ತಿಂಗಳೇ ಮುಗಿಯುತ್ತದೆ ಎಂದುಕೊಂಡು ಬರುವವರು ಬಹಳ. ಹಾಗಿಲ್ಲ. ಅದಕ್ಕೆ ಮೊದಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಹಲ್ಲುಗಳನ್ನು ಸಿದ್ಧಪಡಿಸಬೇಕು. ದವಡೆ ಮುಂದೆ ಬಂದಾಗ ಹಲ್ಲುಗಳು ತಾವಾಗಿಯೇ ಬಾಗಿ, ಆದಷ್ಟು ಮಟ್ಟಿಗೆ ಒಂದನ್ನೊಂದು ಮುಟ್ಟಲು ನೋಡುತ್ತವೆ. ಕೆಳಗಿನವು ಒಳಕ್ಕೆ, ಮೇಲಿನವು ಹೊರಕ್ಕೆ. ಕ್ಲಿಪ್ ಹಾಕಿ ಮೊದಲು ಈ ಬಾಗುವಿಕೆಯನ್ನು ತೆಗೆಯುತ್ತಾರೆ. ಅಂದರೆ ಹಲ್ಲು ನೆಟ್ಟಗಾಗುತ್ತ ಹೋದಂತೆ ಮುಖ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಇದನ್ನು ತಜ್ಞರು ನನಗೆ ಮೊದಲೇ ಹೇಳಿದ್ದರು, ನಾನು ತಲೆಯನ್ನೂ ಆಡಿಸಿದ್ದೆ. ಆದರೆ ಕನ್ನಡಿಯಲ್ಲಿ ಅದನ್ನು ತಿಂಗಳುಗಟ್ಟಲೆ ನೋಡುವುದೇ ಬೇರೆ. ಮದುವೆಮನೆಯೊಂದರಲ್ಲಿ ಸೋದರತ್ತೆ ಎಲ್ಲರೆದುರಿಗೆ, "ದುಡ್ಡು ಸುರಿದು ತಂತಿ ಹಾಕಿಸಿಕೊಂಡೆ, ಗದ್ದ ಇನ್ನೂ ಮುಂದೆ ಬಂದಿದೆಯಲ್ಲೇ" ಎಂದರು. ಅಂದು ಊಟ ಸೇರಲಿಲ್ಲ. ಈ ಹಂತದಲ್ಲಿ ಚಿಕಿತ್ಸೆಯನ್ನು ನಡುವೆಯೇ ಬಿಟ್ಟವರನ್ನು ಆ ಕಾಯುವ ಕೋಣೆಯಲ್ಲೇ ಭೇಟಿಯಾದೆ. ದಯವಿಟ್ಟು ಬಿಡಬೇಡಿ. ಮನೆಯವರನ್ನು ಒಮ್ಮೆ ಕರೆದೊಯ್ದು ವೈದ್ಯರ ಬಾಯಿಂದಲೇ ಇದನ್ನು ಕೇಳಿಸಿ. ಅವರು ತಿಳಿದುಕೊಂಡರೆ ನಿಮ್ಮ ಪಾಡು ಅರ್ಧ ಕಡಿಮೆಯಾಗುತ್ತದೆ.

ಕೆಳಗಿನ ಎರಡು ಬುದ್ಧಿಹಲ್ಲುಗಳನ್ನೂ ಈ ಅವಧಿಯಲ್ಲೇ ಕೀಳಿಸಿದರು. ಕಿತ್ತ ಜಾಗದಲ್ಲಿ ಮೂಳೆ ತುಂಬಿಕೊಳ್ಳಲಿ ಎಂದು ಶಸ್ತ್ರಚಿಕಿತ್ಸೆಗೆ ಸಾಕಷ್ಟು ತಿಂಗಳು ಮುಂಚೆಯೇ ಇದನ್ನು ಮುಗಿಸುತ್ತಾರೆ.

ಇನ್ನು ವಿಧಾನದ ಆಯ್ಕೆ. ಕೆಳದವಡೆಯನ್ನು ಸರಿಸಲು ಇಂದು ಹೆಚ್ಚು ಬಳಕೆಯಲ್ಲಿರುವುದು 1957ರಲ್ಲಿ ಟ್ರೌನರ್ ಮತ್ತು ಓಬ್ವೆಗೇಸರ್ ಪ್ರಕಟಿಸಿದ ದಾರಿ. ಬಾಯೊಳಗಿಂದಲೇ ಹೋಗಿ, ದವಡೆಯ ಹಿಂಭಾಗದ ಮೂಳೆಯನ್ನು ಉದ್ದಕ್ಕೆ ಎರಡು ಪದರಗಳಾಗಿ ಸೀಳಿ, ಒಂದರ ಮೇಲೊಂದನ್ನು ಜಾರಿಸಿ ಸ್ಕ್ರೂ ಹಾಕುತ್ತಾರೆ. ಹೊರಗೆ ಗಾಯವೇ ಇರುವುದಿಲ್ಲ. ದವಡೆಯನ್ನು ಮುಂದಕ್ಕೂ ತರಬಹುದು, ಹಿಂದಕ್ಕೂ ಒಯ್ಯಬಹುದು. ಆದರೆ ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ಕೊಡುವ ನರ ಇದೇ ಮೂಳೆಯೊಳಗೆ ಹಾದುಹೋಗುತ್ತದೆ. ಸೀಳುವಾಗ ಅದಕ್ಕೆ ಎಳೆತವೋ ಪೆಟ್ಟೋ ಬಿದ್ದರೆ ತುಟಿ ಜೋಮು ಹಿಡಿಯುತ್ತದೆ. ಹಲವರಲ್ಲಿ ಅದು ತಿಂಗಳುಗಳಲ್ಲಿ ಹೋಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ.

ಇನ್ನೊಂದು ದಾರಿ, ಕಿವಿಯ ಕೆಳಗೆ ನೆಟ್ಟಗೆ ನಿಂತಿರುವ ಮೂಳೆಯನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸುವುದು. ನರ ಮೂಳೆಯೊಳಗೆ ಹೊಗುವ ಜಾಗಕ್ಕಿಂತ ಹಿಂದೆ ಈ ಕೊಯ್ತ ಬೀಳುವುದರಿಂದ ನರಕ್ಕೆ ಅಪಾಯ ಕಡಿಮೆ. ಆದರೆ ಬಾಯೊಳಗಿಂದ ಅಷ್ಟು ಆಳದ ಜಾಗ ಸರಿಯಾಗಿ ಕಾಣುವುದಿಲ್ಲ, ಕತ್ತರಿಸಿದ ಮೂಳೆಯನ್ನು ಹಿಡಿದಿಡುವ ಲೋಹದ ಪ್ಲೇಟ್ ಅಲ್ಲಿ ಕೂರಿಸುವುದೂ ಕಷ್ಟ. ಹಾಗಾಗಿ ಹಳೆಯ ಕ್ರಮದಲ್ಲಿ ಮೇಲಿನ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದು ವಾರಗಟ್ಟಲೆ ಬಾಯಿ ಮುಚ್ಚಿಸುತ್ತಿದ್ದರು. ಹೊರಗಿನಿಂದ ಕತ್ತರಿಸಿ ಮಾಡಿದರೆ ಎಲ್ಲ ಕಾಣುತ್ತದೆ, ಪ್ಲೇಟ್ ಹಾಕಬಹುದು, ಆದರೆ ಕತ್ತಿನ ಮೇಲೆ ಉದ್ದದ ಕಲೆ ಉಳಿಯುತ್ತದೆ.

ಎಂಡೊಸ್ಕೋಪ್ ಬರುವುದು ಇಲ್ಲಿ. ನನ್ನ ಶಸ್ತ್ರಚಿಕಿತ್ಸಕರು ಅದನ್ನು ಮೇಜಿನ ಮೇಲಿಟ್ಟು ತೋರಿಸಿದರು. ನಾಲ್ಕು ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆ, ತುದಿ 30 ಡಿಗ್ರಿ ಓರೆ. ಮೂಗಿನ ಸೈನಸ್ ಚಿಕಿತ್ಸೆಯಲ್ಲಿ ಬಳಸುವಂಥದೇ. "ಹೊಟ್ಟೆಯ ಇಂಥ ಚಿಕಿತ್ಸೆಯಲ್ಲಿ ಗಾಳಿ ತುಂಬಿದರೆ ಜಾಗವಾಗುತ್ತದೆ, ಸೈನಸಿನಲ್ಲಿ ಟೊಳ್ಳು ಇದ್ದೇ ಇದೆ. ದವಡೆಯಲ್ಲಿ ಅಂಥ ಟೊಳ್ಳಿಲ್ಲ ಮೇಡಂ. ಮೂಳೆಗೆ ಅಂಟಿಕೊಂಡ ಸ್ನಾಯುವನ್ನು ಎತ್ತಿ ನಾವೇ ಜಾಗ ಮಾಡಿಕೊಳ್ಳಬೇಕು. ಸ್ವಲ್ಪ ರಕ್ತ ಬಂದರೂ ಕೊಳವೆಯ ತುದಿಯ ಗಾಜು ಮಸುಕಾಗುತ್ತದೆ" ಎಂದರು. ಅದಕ್ಕೇ ಇದು ಎಲ್ಲರೂ ಮಾಡುವ ಚಿಕಿತ್ಸೆಯಲ್ಲ, ಕಲಿಯಲು ಕಾಲ ಹಿಡಿಯುತ್ತದೆ, ಸಮಯವೂ ಹೆಚ್ಚು ಬೇಕಾಗಬಹುದು. ದವಡೆ ಹಿಂದೆ ಹೋಗಬೇಕಾದವರಿಗೆ, ನನ್ನಂತೆ ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಿಮೆ ತಿರುಗಬೇಕಾದವರಿಗೆ ಇದು ಹೊಂದುತ್ತದೆ. ಸಣ್ಣ ದವಡೆಯನ್ನು ಬಹಳ ಮುಂದಕ್ಕೆ ತರಬೇಕಾದವರಿಗೆ ಹೊಂದುವುದಿಲ್ಲ. ಅಂಥವರಿಗೆ ಯಾರಾದರೂ ಇದನ್ನು ತೋರಿಸಿ ಆಸೆ ಹುಟ್ಟಿಸಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ.

ಈ ಹಂತದಲ್ಲಿ ಕೇಳಲೇಬೇಕಾದ ಪ್ರಶ್ನೆಗಳಿವೆ. ಇಡೀ ಚಿಕಿತ್ಸೆಯಲ್ಲಿ ಎಂಡೊಸ್ಕೋಪಿನಿಂದ ಮಾಡುವ ಭಾಗ ಯಾವುದು? ನೀವು ಇಂಥವನ್ನು ಎಷ್ಟು ಮಾಡಿದ್ದೀರಿ? ಒಳಗೆ ಹೋದ ಮೇಲೆ ಸರಿಯಾಗಿ ಕಾಣದಿದ್ದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ, "ಗಾಯವನ್ನು ಉದ್ದ ಮಾಡಿ ಮಾಮೂಲಿ ರೀತಿಯಲ್ಲಿ ಮುಗಿಸುತ್ತೇವೆ, ನಡುವೆ ಬಿಡುವುದಿಲ್ಲ" ಎಂಬುದು. ಒಪ್ಪಿಗೆ ಪತ್ರದಲ್ಲೂ ಅದು ಬರೆದಿತ್ತು. ಹಾಗೆ ಬರೆದಿರುವುದನ್ನು ಕಂಡು ಹೆದರಬೇಡಿ. ಬರೆದಿಲ್ಲದಿದ್ದರೆ ಕೇಳಿ ಬರೆಸಿ. ಇನ್ನೊಂದು ಅಪಾಯವನ್ನೂ ಅವರು ಮುಚ್ಚಿಡಲಿಲ್ಲ. ಗಾಯ ಬೀಳುವ ಜಾಗದ ಹತ್ತಿರವೇ ಕೆಳತುಟಿಯ ಮೂಲೆ ಚಲಿಸುವಂತೆ ಮಾಡುವ ನರದ ಸಣ್ಣ ಕವಲು ಹಾದುಹೋಗುತ್ತದೆ. ಅದಕ್ಕೆ ಎಳೆತವಾದರೆ ಕೆಲವು ಕಾಲ ತುಟಿ ಸೊಟ್ಟಗಾಗಬಹುದು.

ದಿನ ಗೊತ್ತಾದ ಮೇಲೆ ಪರೀಕ್ಷೆಗಳ ಸರದಿ. ಮೂರು ಆಯಾಮದ ದವಡೆಯ ಸ್ಕ್ಯಾನ್, ಹಲ್ಲಿನ ಅಚ್ಚು, ಎಲ್ಲ ಕೋನಗಳಿಂದ ಫೋಟೋ. ಇವನ್ನೆಲ್ಲ ಕಂಪ್ಯೂಟರಿನಲ್ಲಿ ಕೂಡಿಸಿ, ದವಡೆ ಎಲ್ಲಿ ಬಂದು ನಿಲ್ಲಬೇಕೋ ಅಲ್ಲಿಗೆ ಹಲ್ಲುಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಸ್ಪ್ಲಿಂಟ್ ಅಚ್ಚು ಹಾಕಿಸಿದರು. ಬೆರಳಿನಷ್ಟು ದಪ್ಪವೂ ಇಲ್ಲದ ಆ ಕುದುರೆಲಾಳದಾಕಾರದ ತುಂಡಿನಲ್ಲಿ ನನ್ನ ಒಂದೊಂದು ಹಲ್ಲಿನ ಗುಂಡಿಯೂ ಇತ್ತು. ಅದನ್ನು ಕೈಯಲ್ಲಿ ಹಿಡಿದಾಗಲೇ ಇದು ನಿಜವಾಗಿಯೂ ನಡೆಯುತ್ತದೆ ಎಂದು ನಂಬಿಕೆ ಬಂದದ್ದು. ರಕ್ತಪರೀಕ್ಷೆ, ಇಸಿಜಿ, ಎದೆಯ ಎಕ್ಸರೇ, ಅರಿವಳಿಕೆ ತಜ್ಞರ ತಪಾಸಣೆ ಎಲ್ಲವೂ ಆದವು. ರಕ್ತನಿಧಿಗೆ ರಕ್ತ ಕೊಡಲು ಒಬ್ಬರನ್ನು ಕರೆತನ್ನಿ ಎಂದರು, ಅಣ್ಣ ಕೊಟ್ಟ. ಸ್ಕ್ಯಾನಿನ ಸಿಡಿಯನ್ನು ಕೇಳಿ ಪಡೆಯಿರಿ, ಬರೀ ಕಾಗದದ ವರದಿ ಸಾಲದು. ಎರಡನೇ ಅಭಿಪ್ರಾಯಕ್ಕೂ ವಿಮೆಗೂ ಅದೇ ಬೇಕಾಗುತ್ತದೆ.

ಮಾರ್ಚ್ ಕೊನೆಗೆ ದಿನ ಗೊತ್ತಾಗಿತ್ತು. ಅದಕ್ಕೆ ಸ್ವಲ್ಪ ಮೊದಲು ನನಗೆ ನೆಗಡಿ ಹಿಡಿಯಿತು. ಸಾಮಾನ್ಯ ನೆಗಡಿ, ಜ್ವರವೂ ಇರಲಿಲ್ಲ. ಆದರೂ ಅರಿವಳಿಕೆ ತಜ್ಞರು ಒಪ್ಪಲಿಲ್ಲ. ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಹಲ್ಲುಗಳನ್ನು ಕೂಡಿಸಿ ನೋಡಬೇಕಾದ್ದರಿಂದ ಉಸಿರಿನ ನಳಿಕೆಯನ್ನು ಬಾಯಿಂದ ಹಾಕುವುದಿಲ್ಲ, ಮೂಗಿನ ಮೂಲಕ ಇಳಿಸುತ್ತಾರೆ. ಮೂಗು ಕಟ್ಟಿದ್ದರೆ ರಕ್ತಸ್ರಾವ, ಸೋಂಕು, ಎಚ್ಚರವಾದ ಮೇಲೆ ಉಸಿರಿನ ತೊಂದರೆ. ಚಿಕಿತ್ಸೆ ಮುಂದಕ್ಕೆ ಹೋಯಿತು. ರಜೆ ಹಾಕಿದ್ದೆ, ಉತ್ತರಪತ್ರಿಕೆ ಮೌಲ್ಯಮಾಪನದಿಂದ ಬಿಡುಗಡೆ ಕೇಳಿಕೊಂಡಿದ್ದೆ, ಅವ್ವ ಬಟ್ಟೆಬರೆ ಕಟ್ಟಿಕೊಂಡು ಬೆಂಗಳೂರಿಗೆ ಬಂದಿದ್ದಳು. ಬರಿಗೈಯಲ್ಲಿ ವಾಪಸ್ ರೈಲು ಹತ್ತಿದಾಗ ಅತ್ತುಬಿಟ್ಟೆ. ಕೊನೆಯ ಎರಡು ವಾರ ಜನರ ಗುಂಪಿನಿಂದ ದೂರವಿರಿ, ಮಾಸ್ಕ್ ಹಾಕಿಕೊಳ್ಳಿ, ರಜೆಯನ್ನು ಸ್ವಲ್ಪ ಹಿಂದೆ ಮುಂದೆ ಮಾಡಬಹುದಾದ ರೀತಿಯಲ್ಲಿ ಕೇಳಿ.

ಅದೇ ಹೊತ್ತಿಗೆ ವಿಮಾ ಕಂಪನಿಯಿಂದ ಪತ್ರ ಬಂತು. ಆಸ್ಪತ್ರೆ ಕಳಿಸಿದ ನಗದುರಹಿತ ಚಿಕಿತ್ಸೆಯ ಅರ್ಜಿ ತಿರಸ್ಕೃತ. ಕಾರಣ: ಸೌಂದರ್ಯ ಚಿಕಿತ್ಸೆ. ಪಾಲಿಸಿಯ ಹೊರತುಗಳ ಪಟ್ಟಿಯನ್ನು ಆ ರಾತ್ರಿ ಕುಳಿತು ಪೂರ್ತಿ ಓದಿದೆ. ರೂಪ ಬದಲಿಸುವ ಚಿಕಿತ್ಸೆಗೆ ಹಣ ಇಲ್ಲ ಎಂದು ಅದರಲ್ಲಿರುವುದು ನಿಜ. ಆದರೆ ಅದೇ ಷರತ್ತಿನ ಮುಂದುವರಿದ ಭಾಗದಲ್ಲಿ, ಆರೋಗ್ಯಕ್ಕಿರುವ ಅಪಾಯವನ್ನು ತೆಗೆಯಲು ವೈದ್ಯಕೀಯವಾಗಿ ಅಗತ್ಯವೆಂದು ಚಿಕಿತ್ಸೆ ನೀಡುವ ವೈದ್ಯರು ಪ್ರಮಾಣೀಕರಿಸಿದರೆ ವಿನಾಯಿತಿ ಇದೆ. ಆಸ್ಪತ್ರೆಯ ವಿಮಾ ವಿಭಾಗ ಅರ್ಜಿಯಲ್ಲಿ 'ಮುಖದ ಅಸಮಾನತೆ' ಎಂದಷ್ಟೇ ಬರೆದಿತ್ತು. ಅಗಿಯಲಾಗದಿರುವುದು, ಕೀಲಿನ ನೋವು, ಬಲಗಡೆಯ ಕೀಲಿನ ತಲೆಯ ಅತಿಬೆಳವಣಿಗೆ, ಸ್ಕ್ಯಾನಿನ ವರದಿ ಒಂದೂ ಅದರಲ್ಲಿರಲಿಲ್ಲ. ಶಸ್ತ್ರಚಿಕಿತ್ಸಕರು ತಮ್ಮ ಕೈಯಾರೆ ಎರಡು ಪುಟದ ಪತ್ರ ಬರೆದುಕೊಟ್ಟರು. ಆದರೂ ಸಮಯಕ್ಕೆ ಒಪ್ಪಿಗೆ ಬರಲಿಲ್ಲ. ಅವ್ವನ ಬಳೆಗಳ ಮೇಲೆ ಬ್ಯಾಂಕಿನಲ್ಲಿ ಸಾಲ ತೆಗೆದು ಹಣ ಹೊಂದಿಸಿದೆವು. ಅವಳು ಒಂದು ಮಾತೂ ಆಡದೆ ಬಳೆ ಬಿಚ್ಚಿಕೊಟ್ಟಳು.

ಮೇ ತಿಂಗಳಲ್ಲಿ ದಾಖಲಾದೆ. ಮಧ್ಯರಾತ್ರಿಯಿಂದ ನೀರೂ ಇಲ್ಲ. ಬೆಳಿಗ್ಗೆ ಹಸಿರು ಬಟ್ಟೆ ತೊಡಿಸಿ, ತಳ್ಳುಗಾಡಿಯಲ್ಲಿ ಕರೆದೊಯ್ದು, ಮೂಗಿಗೆ ಜೆಲ್ ಹಚ್ಚಿದ್ದು ನೆನಪಿದೆ. ಮುಂದಿನದು ಎಚ್ಚರವಾದಾಗಿನದು: ಗಂಟಲು ಉರಿ, ಮೂಗು ಪೂರ್ತಿ ಬಂದ್, ತುಟಿಯ ಮೇಲೆ ವ್ಯಾಸಲೀನು, ಯಾರೋ "ಬಾಯಿಂದ ಉಸಿರಾಡಿ, ಬಾಯಿ ಕಟ್ಟಿಲ್ಲ" ಎನ್ನುತ್ತಿದ್ದರು. ಆ ಮಾತಿನ ಬೆಲೆ ನನಗೆ ಆಗ ತಿಳಿಯಿತು. ಎರಡೂ ಕಡೆ ಟೈಟಾನಿಯಂ ಪ್ಲೇಟ್ ಮತ್ತು ಸ್ಕ್ರೂ ಕೂರಿಸಿದ್ದರಿಂದ ತಂತಿಯ ಬಿಗಿತ ಬೇಕಿರಲಿಲ್ಲ. ಹಲ್ಲುಗಳು ದಾರಿ ತಪ್ಪದಂತೆ ರಬ್ಬರ್ ಬ್ಯಾಂಡ್ ಮಾತ್ರ ಹಾಕಿದ್ದರು. ಗಾಯವನ್ನು ಉದ್ದ ಮಾಡಬೇಕಾಗಿ ಬರಲಿಲ್ಲ ಎಂದು ಸಂಜೆ ಶಸ್ತ್ರಚಿಕಿತ್ಸಕರು ಬಂದು ಹೇಳಿದಾಗ ಅವ್ವ ಅವರ ಕೈ ಹಿಡಿದುಕೊಂಡಳು.

ಗಾಯ ಸಣ್ಣದಾದರೆ ಬಾವೂ ಸಣ್ಣದಿರುತ್ತದೆ ಎಂದು ತಿಳಿಯಬೇಡಿ. ಒಳಗೆ ಕತ್ತರಿಸಿರುವುದು ಮೂಳೆಯನ್ನೇ. ಎರಡನೇ ಮೂರನೇ ದಿನಕ್ಕೆ ಮುಖ ಊದಿ ಕತ್ತು ಯಾವುದು ಕೆನ್ನೆ ಯಾವುದು ಗೊತ್ತಾಗದಂತಾಯಿತು. ಮೊದಲ ಎರಡು ದಿನ ಮಂಜುಗಡ್ಡೆಯ ಒತ್ತು, ಆಮೇಲೆ ಬಿಸಿ ಒತ್ತು. ತಲೆಯ ಕೆಳಗೆ ಎರಡು ಮೂರು ದಿಂಬು ಇಟ್ಟು ಮಲಗಬೇಕು. ಕೆಳತುಟಿಯಲ್ಲಿ ಸ್ಪರ್ಶ ಇತ್ತು, ಅದೊಂದು ದೊಡ್ಡ ಸಮಾಧಾನ. ಆದರೆ ಅವರು ಎಚ್ಚರಿಸಿದ್ದಂತೆಯೇ ಬಲಮೂಲೆ ಇಳಿಯುತ್ತಿರಲಿಲ್ಲ. ನಗಲು ಹೋದರೆ ಒಂದೇ ಕಡೆ ನಗು. ಕೆಲವು ವಾರಗಳಲ್ಲಿ ಅದು ತಾನಾಗಿ ಸರಿಹೋಯಿತು. ಆದರೆ ಆ ವಾರಗಳಲ್ಲಿ ಪ್ರತಿ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು 'ಈ' ಎಂದು ಹಲ್ಲು ಕಿರಿದು ನೋಡುತ್ತಿದ್ದೆ.

ಮನೆಗೆ ಬಂದ ಮೊದಲ ವಾರ ಮನಸ್ಸು ಬಹಳ ಕುಸಿದಿತ್ತು. ನೋವಿಗಿಂತ ಹಸಿವು, ನಿದ್ರೆಯಿಲ್ಲದಿರುವುದು, ಪರಿಚಯವಿಲ್ಲದ ಮುಖ ಇವೇ ಕಾರಣ. ಏಕೆ ಮಾಡಿಸಿಕೊಂಡೆನೋ ಎನ್ನಿಸುತ್ತದೆ. ಇದು ಬಹುತೇಕ ಎಲ್ಲರಿಗೂ ಬರುತ್ತದೆ ಎಂದು ವಾರ್ಡಿನ ಸಿಸ್ಟರ್ ಮೊದಲೇ ಹೇಳಿದ್ದರು. ಅವರು ಹೇಳಿರದಿದ್ದರೆ ನಾನು ಇನ್ನಷ್ಟು ಹೆದರುತ್ತಿದ್ದೆ.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಆಸ್ಪತ್ರೆಯ ಹಾಳೆಯಲ್ಲಿ 'ದ್ರವಾಹಾರ' ಎಂದಷ್ಟೇ ಇರುತ್ತದೆ. ದೊಡ್ಡ ಸಿರಿಂಜಿನ ತುದಿಗೆ ಮೆತ್ತನೆಯ ರಬ್ಬರ್ ನಳಿಕೆ ಸಿಕ್ಕಿಸಿ ಕೆನ್ನೆಯ ಒಳಬದಿಗೆ ಇಟ್ಟು ನಿಧಾನಕ್ಕೆ ಒತ್ತಬೇಕು. ಅವ್ವ ರಾಗಿ ಅಂಬಲಿಯನ್ನು ಮಜ್ಜಿಗೆಯಲ್ಲಿ ಕದಡಿ ಬಟ್ಟೆಯಲ್ಲಿ ಸೋಸುತ್ತಿದ್ದಳು. ಸೋಸದಿದ್ದರೆ ಒಂದು ಸಣ್ಣ ಕಾಳೂ ನಳಿಕೆಯನ್ನು ಕಟ್ಟಿಹಾಕುತ್ತದೆ. ಹೆಸರುಬೇಳೆ ಕಟ್ಟು, ಎಳನೀರು, ಹಾಲಿಗೆ ಬಾದಾಮಿ ಪುಡಿ. ಖಾರ ಪೂರ್ತಿ ಬೇಡ. ಸಿಹಿ ಸಾಕಾಗಿಹೋಗುತ್ತದೆ, ಉಪ್ಪಿನ ರುಚಿಗೆ ಜೀವ ಬಾಯಿ ಬಿಡುತ್ತದೆ. ಸೋಸಿದ ತಿಳಿಸಾರು ಆಗ ಅಮೃತ. ಒಮ್ಮೆಗೆ ಹೆಚ್ಚು ಇಳಿಯುವುದಿಲ್ಲವಾದ್ದರಿಂದ ಎರಡು ಗಂಟೆಗೊಮ್ಮೆ ಕುಡಿಯಿರಿ. ಕುಡಿದ ಮೇಲೆಲ್ಲ ಬಾಯಿ ಮುಕ್ಕಳಿಸಿ, ಮಕ್ಕಳ ಬ್ರಷ್‌ನಿಂದ ಕ್ಲಿಪ್ಪುಗಳನ್ನು ಉಜ್ಜಿ. ವಾಂತಿಯಾದರೆ ರಬ್ಬರ್ ಬ್ಯಾಂಡ್ ಕತ್ತರಿಸಲು ಹಾಸಿಗೆಯ ಪಕ್ಕ ಸಣ್ಣ ಕತ್ತರಿ ಇರಲೇಬೇಕು, ಮನೆಯಲ್ಲಿರುವವರಿಗೆ ಅದನ್ನು ಬಳಸಲು ತೋರಿಸಿಕೊಟ್ಟಿರಬೇಕು. ಮೆತ್ತನೆಯ ಅನ್ನ, ಇಡ್ಲಿಗೆ ಬಂದದ್ದು ಆಮೇಲೆ. ಗಟ್ಟಿ ಪದಾರ್ಥಕ್ಕೆ ಮೂಳೆ ಕೂಡುವವರೆಗೆ ಅವಕಾಶವಿಲ್ಲ.

ಬಾಯಿ ತೆರೆಯುವ ವ್ಯಾಯಾಮವನ್ನು ಯಾರೂ ತಪ್ಪಿಸಬಾರದು. ವೈದ್ಯರು ಹೇಳಿದ ದಿನದಿಂದ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು, ಕೆಲವು ದಿನಕ್ಕೊಂದು ಕಡ್ಡಿ ಹೆಚ್ಚಿಸುತ್ತ ಹೋಗಬೇಕು. ಸ್ನಾಯು ಗಟ್ಟಿಯಾಗಿ ಕುಳಿತುಬಿಟ್ಟರೆ ಆಮೇಲೆ ತೆರೆಸುವುದು ಬಹಳ ಕಷ್ಟ.

ಖರ್ಚು ಎಲ್ಲರೂ ಕೇಳುತ್ತಾರೆ. ನನಗೆ ಕ್ಲಿಪ್ಪಿಗೆ ಐವತ್ತು ಸಾವಿರದ ಮೇಲೆ, ಸ್ಕ್ಯಾನು ಪರೀಕ್ಷೆಗಳಿಗೆ ಇಪ್ಪತ್ತು ಸಾವಿರದ ಹತ್ತಿರ, ಆಸ್ಪತ್ರೆ, ಶಸ್ತ್ರಚಿಕಿತ್ಸೆ, ಪ್ಲೇಟು ಎಲ್ಲ ಸೇರಿ ಎರಡೂವರೆ ಲಕ್ಷ ದಾಟಿತು. ಇದರ ಮೇಲೆ ವರ್ಷಗಟ್ಟಲೆಯ ರೈಲು ಬಸ್ಸಿನ ಓಡಾಟ. ಆಸ್ಪತ್ರೆಯಿಂದ ಆಸ್ಪತ್ರೆಗೆ ಇದು ಬಹಳ ಬದಲಾಗುತ್ತದೆ. ಅಂದಾಜು ಪಟ್ಟಿ ಕೇಳುವಾಗ ಪ್ಲೇಟು ಮತ್ತು ಸ್ಕ್ರೂಗಳ ಬೆಲೆ ಒಳಗಿದೆಯೇ ಹೊರಗಿದೆಯೇ ಎಂದು ಸ್ಪಷ್ಟಪಡಿಸಿಕೊಳ್ಳಿ. ನನ್ನ ಮೊದಲ ಅಂದಾಜಿನಲ್ಲಿ ಅದು ಇರಲೇ ಇಲ್ಲ.

ಬಿಡುಗಡೆಯಾದ ಮೇಲೆ ಮರುಪಾವತಿಗೆ ಅರ್ಜಿ ಹಾಕಿದೆ. ಮೂಲ ಬಿಲ್ಲುಗಳು, ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ವರದಿಗಳು, ವೈದ್ಯರ ಪತ್ರ, ಪ್ಲೇಟುಗಳ ಪೊಟ್ಟಣದ ಮೇಲಿನ ಸ್ಟಿಕರ್ ಎಲ್ಲವನ್ನೂ ಕೇಳಿದರು. ಆ ಸ್ಟಿಕರನ್ನು ಶಸ್ತ್ರಚಿಕಿತ್ಸೆಯ ದಿನವೇ ನಿಮ್ಮ ಕಡತಕ್ಕೆ ಅಂಟಿಸಲು ಹೇಳಿ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಮತ್ತೆ ತಿರಸ್ಕರಿಸಿದರು. ಆಗ ಕಂಪನಿಯ ದೂರು ವಿಭಾಗಕ್ಕೆ ಪಾಲಿಸಿಯ ಅದೇ ಷರತ್ತನ್ನು ಉಲ್ಲೇಖಿಸಿ ಬರೆದೆ. ಅಲ್ಲಿ 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರಿಯ ಬಳಿ ಹೋಗಬಹುದು. ಕರ್ನಾಟಕಕ್ಕೆ ಬೆಂಗಳೂರಿನಲ್ಲಿಯೇ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಶಸ್ತ್ರಚಿಕಿತ್ಸೆಯ ಹಣದ ಬಹುಪಾಲು ಬಂತು, ಕ್ಲಿಪ್ಪಿನದು ಬರಲಿಲ್ಲ. ಅವ್ವನ ಬಳೆಗಳನ್ನು ಬಿಡಿಸಿಕೊಂಡು ಬಂದೆ.

ಕಾಲೇಜಿಗೆ ಹಿಂದಿರುಗಿದ್ದೇನೆ. ಮೊದಲ ಕೆಲವು ವಾರ ಒಂದು ತರಗತಿಯಾದ ಮೇಲೆ ದವಡೆ ಸೋಲುತ್ತಿತ್ತು, ಈಗ ಪರವಾಗಿಲ್ಲ. 'ವ್ಯವಹಾರ' ಎಂದು ಸರಿಯಾಗಿ ಹೇಳುತ್ತೇನೆ. ಕತ್ತಿನ ಎರಡೂ ಕಲೆಗಳು ಚರ್ಮದ ಮಡಿಕೆಯಲ್ಲಿ ಸೇರಿಕೊಂಡಿವೆ, ಬಿಸಿಲಿಗೆ ಕಪ್ಪಾಗದಂತೆ ಕ್ರೀಮ್ ಹಚ್ಚಲು ಹೇಳಿದ್ದಾರೆ. ಹಲ್ಲುಗಳನ್ನು ಕೊನೆಯದಾಗಿ ಹೊಂದಿಸಲು ಕ್ಲಿಪ್ ಇನ್ನೂ ಕೆಲವು ತಿಂಗಳು ಇರುತ್ತದೆ, ಆಮೇಲೆ ಹಲ್ಲುಗಳು ಮತ್ತೆ ಸರಿಯದಂತೆ ಹಿಡಿದಿಡುವ ರಿಟೇನರ್. ಪ್ಲೇಟುಗಳು ತೊಂದರೆ ಕೊಡದಿದ್ದರೆ ಅವನ್ನು ತೆಗೆಯುವುದಿಲ್ಲ. ಮುಂದೆ ಯಾವತ್ತಾದರೂ ಎಂಆರ್‌ಐ ಮಾಡಿಸಬೇಕಾಗಿ ಬಂದರೆ ಒಳಗಿರುವುದು ಟೈಟಾನಿಯಂ ಎಂದು ಹೇಳಲು ಡಿಸ್ಚಾರ್ಜ್ ಸಾರಾಂಶದ ಪ್ರತಿಯೊಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ.